ಡಬ್ಬಿಯಲ್ಲಿ ಕೂತ ಕವಳಿಹಣ್ಣು

ಇಚಲಕರಂಜಿ, ಮಾರ್ಗಶಿರ. ಗೆಳೆಯನ ಮನೆಯ ಅಡುಗೆಮನೆ ಕಪಾಟಿನಲ್ಲಿ ಮೂರು ತಗಡಿನ ಡಬ್ಬಿ. ಒಂದರಲ್ಲಿ ಮಾವಿನ ರಸ, 850 ಗ್ರಾಂ. ಇನ್ನೊಂದರಲ್ಲಿ ಪಾಕದಲ್ಲಿ ಮುಳುಗಿಸಿದ ಅನಾನಸ್ ಬಿಲ್ಲೆ. ಮೂರನೆಯದು ಮಿಶ್ರ ಹಣ್ಣು. ಘಟ್ಟ ಇಳಿದರೆ ರತ್ನಾಗಿರಿ, ಸಿಂಧುದುರ್ಗ, ಹಾಪೂಸಿನ ತವರು. ಇಂಥ ಊರವರಿಗೆ ಡಬ್ಬಿಯ ಮಾವು ಯಾಕೆ? ಡಬ್ಬಿ ತಿರುಗಿಸಿ ಓದಿದರೆ ಒಳಗಿರುವುದು ಹಾಪೂಸೂ ಅಲ್ಲ, ತೋತಾಪುರಿ. ಆ ರಸ ಹೆಚ್ಚಾಗಿ ಬರುವುದು ಚಿತ್ತೂರು, ಕೃಷ್ಣಗಿರಿ ಕಡೆಯ ಕಾರ್ಖಾನೆಗಳಿಂದ.

“ಹಾಪೂಸ್ ಡಬ್ಬಿ ಆಮ್ರಖಂಡಕ್ಕರಿ. ಕೇಕಿಗೆ ಇದು ಸಾಕು” ಎಂದರು ವೈನಿ, ಗೆಳೆಯನ ಹೆಂಡತಿ.

ಅದೇ ದಿನ. ಡಬ್ಬಿ ತೆರೆಯುವ ಸಲಕರಣೆ ಮನೆಯಲ್ಲಿಲ್ಲ. ಗೆಳೆಯ ಸ್ಕ್ರೂಡ್ರೈವರ್ ಇಟ್ಟು ಬತ್ತಾದಿಂದ ಕುಟ್ಟಿದ. ನಗು ಬಂತು, ಆದರೆ ಇದು ಹಳೆಯ ಪದ್ಧತಿಯೇ. ತಗಡಿನ ಡಬ್ಬಿಗೆ ಲಂಡನ್ನಿನಲ್ಲಿ ಪೀಟರ್ ಡ್ಯುರಾಂಡ್ ಪೇಟೆಂಟ್ ಪಡೆದದ್ದು 1810ರಲ್ಲಿ. ಅಮೆರಿಕದಲ್ಲಿ ಎಜ್ರಾ ವಾರ್ನರ್ ಓಪನರಿಗೆ ಪೇಟೆಂಟ್ ಪಡೆದದ್ದು 1858ರಲ್ಲಿ. ನಡುವಿನ ಕಾಲದ ಜನ ಉಳಿ-ಸುತ್ತಿಗೆ ಹಿಡಿದೇ ಉಂಡರು. ಇಚಲಕರಂಜಿ ಇನ್ನೂ ಆ ನಡುವಿನ ಕಾಲದಲ್ಲೇ ಇದೆ.

ಕೇಕು. ಜೈನರ ಮನೆ, ಮೊಟ್ಟೆಯ ಮಾತೇ ಇಲ್ಲ. ಓವನ್ನೂ ಇಲ್ಲ. ಕುಕ್ಕರಿನ ತಳಕ್ಕೆ ಎರಡು ಹಿಡಿ ಉಪ್ಪು, ಅದರ ಮೇಲೊಂದು ಸಣ್ಣ ಕಾಲುಮಣೆ. ಸೀಟಿ ಮತ್ತು ರಬ್ಬರ್ ತೆಗೆದಿಟ್ಟದ್ದಾಯಿತು. ಒಂದು ಬಟ್ಟಲು ಸಣ್ಣ ರವೆ, ಒಂದು ಬಟ್ಟಲು ಮಾವಿನ ರಸ, ಮುಕ್ಕಾಲು ಬಟ್ಟಲು ಸಕ್ಕರೆ, ಕಾಲು ಬಟ್ಟಲು ತುಪ್ಪ. ಅರ್ಧ ಗಂಟೆ ನೆನೆದ ಮೇಲೆ ಅರ್ಧ ಚಮಚ ಸೋಡಾ. ಸೋಡಾ ಬಿದ್ದದ್ದೇ ತಡ, ಹಿಟ್ಟು ಸಣ್ಣಗೆ ಬುಸುಗುಟ್ಟಿತು. ಡಬ್ಬಿಯ ರಸಕ್ಕೆ ನಿಂಬೆಹುಳಿಯ ಅಂಶ ಸೇರಿಸಿರುತ್ತಾರೆ. ಹುಳಿಗೂ ಸೋಡಾಕ್ಕೂ ಜಗಳ ಹತ್ತಿ ಗಾಳಿ ಹುಟ್ಟುತ್ತದೆ. ಮೊಟ್ಟೆಯ ಕೆಲಸವನ್ನು ಆ ಜಗಳವೇ ಮಾಡುತ್ತದೆ. ನಲವತ್ತು ನಿಮಿಷದ ಮೇಲೆ ಚಾಕು ಚುಚ್ಚಿದರೆ ಸ್ವಚ್ಛವಾಗಿ ಬಂತು. ಅಂಚು ಮಾತ್ರ ಕರಿಕಟ್ಟಿತ್ತು. ಅದು ನನಗೇ ಬಂತು, ಅತಿಥಿಯಲ್ಲವೇ.

850 ಗ್ರಾಮಿನ ಸಂಕಟವೂ ಇದೆ. ಕೇಕಿಗೆ ಬೇಕಾದದ್ದು ಒಂದು ಬಟ್ಟಲು. ತೆರೆದ ಡಬ್ಬಿಯಲ್ಲೇ ರಸ ಬಿಟ್ಟರೆ ಹುಳಿ ತಗಡನ್ನು ತಿನ್ನಲು ಶುರುಮಾಡುತ್ತದೆ, ಅದಕ್ಕೇ ಸ್ಟೀಲ್ ಪಾತ್ರೆಗೆ ಸುರಿದು ಫ್ರಿಜ್ಜಿಗೆ. ಮರುದಿನ ಮಾವಿನ ಶಿರಾ. ಅದರ ಮರುದಿನ ಬರ್ಫಿ. ನಾಲ್ಕನೇ ದಿನ “ಇನ್ನೂ ಉಳಿದೈತಿ” ಎಂದು ಪೂರಿ ಕರಿದರು.

ಗೆಳೆಯನ ಆಯಿ ಕೇಕು ಮುಟ್ಟಲಿಲ್ಲ. “ಅದರ ಮರ್ಯಾದಿ ಮುಗದೈತಿ” ಎಂದರು. ಕೇಕಿಗೆ ಯಾರು ಅವಮರ್ಯಾದೆ ಮಾಡಿದರೋ ಎಂದು ನಾನು ಕಂಗಾಲು. ಗೆಳೆಯ ಬಿಡಿಸಿ ಹೇಳಿದ: ದಿಗಂಬರ ಜೈನರ ಶೋಧದ ಅಡುಗೆಯಲ್ಲಿ ಪ್ರತಿ ಪದಾರ್ಥಕ್ಕೂ ಒಂದು ಅವಧಿ ಇದೆ, ಅದಕ್ಕೆ ಹೆಸರೇ ಮರ್ಯಾದೆ. ಬೀಸಿದ ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5, ಚಳಿಗಾಲದಲ್ಲಿ 7. ಡಬ್ಬಿಯ ಮೇಲೆ ಕಾರ್ಖಾನೆಯವರು ಬರೆದ ತಾರೀಖು ಆಯಿಗೆ ಲೆಕ್ಕಕ್ಕಿಲ್ಲ. ಒಂದೇ ಕಪಾಟಿನಲ್ಲಿ ಎರಡು ಪಂಚಾಂಗ.

ಕೊಲ್ಹಾಪುರ. ಕಾಕ್ಟೇಲ್ ತಿನ್ನೋಣ ಬಾ ಎಂದ ಗೆಳೆಯ. ಕುಡಿಯುವುದಲ್ಲವೇ, ತಿನ್ನುವುದು ಹೇಗೆ? ಇಲ್ಲಿ ಕಾಕ್ಟೇಲ್ ಎಂದರೆ ಐಸ್‌ಕ್ರೀಮ್: ಎತ್ತರದ ಗ್ಲಾಸಿನಲ್ಲಿ ಹಣ್ಣಿನ ಹೋಳು, ಜೆಲ್ಲಿ, ಐಸ್‌ಕ್ರೀಮು, ನೆತ್ತಿಯ ಮೇಲೊಂದು ಕೆಂಪು ಚೆರ್ರಿ. ಉಡುಪಿಯ ಗಡ್‌ಬಡ್‌ಗೆ ಸೋದರಸಂಬಂಧಿ. ಟೂಟಿಫ್ರೂಟಿ ಹಸಿ ಪಪ್ಪಾಯಿ ಎಂಬುದು ಗೊತ್ತಿತ್ತು. ಚೆರ್ರಿಯ ಮೇಲೆ ಮಾತ್ರ ನನಗೆ ಅನುಮಾನ: ಕಾಶ್ಮೀರದ, ಹಿಮಾಚಲದ ಹಣ್ಣು ಇಷ್ಟು ಅಗ್ಗಕ್ಕೆ ಹೇಗೆ ಸಿಗುತ್ತದೆ? ಕಚ್ಚಿದರೆ ಬರೀ ಸಕ್ಕರೆ. ಪ್ರಶ್ನೆಚಿಹ್ನೆ ಹಾಕಿಟ್ಟೆ.

ಗಡಹಿಂಗ್ಲಜ್, ವೈಶಾಖ. ಮದುವೆ ಮನೆಯ ಹಿತ್ತಿಲಲ್ಲಿ ಅಡುಗೆಯವರು ಫ್ರೂಟ್ ಸಲಾಡ್ ಮಾಡುತ್ತಿದ್ದರು. ಪಕ್ಕದ ಬುಟ್ಟಿಯಲ್ಲಿ ತಾಜಾ ಅನಾನಸ್ ಘಮಘಮ ಅನ್ನುತ್ತಿದೆ, ಆದರೆ ಕಸ್ಟರ್ಡಿಗೆ ಬೀಳುತ್ತಿರುವುದು ಡಬ್ಬಿಯದು. ಸೋಮಾರಿತನ ಎಂದು ಬರೆದುಕೊಂಡು ಆಮೇಲೆ ಹೊಡೆದುಹಾಕಬೇಕಾಯಿತು. “ತಾಜಾ ಹಾಕಿದ್ರ ಹಾಲು ಒಡಿತೈತ್ರಿ ಅಣ್ಣಾರ, ಮ್ಯಾಲ ಕಹಿ” ಎಂದು ಮುಖ್ಯ ಅಡುಗೆಯವರು ಎರಡು ವಾಟಿ ತಣ್ಣನೆಯ ಹಾಲಿಗೆ ಎರಡೂ ಬಗೆಯ ಹೋಳು ಹಾಕಿ ನನ್ನ ಮುಂದಿಟ್ಟರು. ಅಕ್ಷತೆ ಮುಗಿಸಿ ಬಂದು ನೋಡಿದರೆ ತಾಜಾ ಹೋಳಿನ ಹಾಲು ಗಂಟುಗಂಟಾಗಿತ್ತು, ನಾಲಿಗೆಗಿಟ್ಟರೆ ಬೇವು. ಡಬ್ಬಿಯದು ಹಾಗೇ ಇತ್ತು. ಅನಾನಸಿನಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಕತ್ತರಿಸುತ್ತದೆ. ಡಬ್ಬಿಗೆ ತುಂಬುವಾಗ ಕಾಯಿಸುವುದರಿಂದ ಕಿಣ್ವ ಸಾಯುತ್ತದೆ. ಅವರಿಗೆ ಕಿಣ್ವದ ಹೆಸರು ಬೇಕಾಗಿರಲಿಲ್ಲ.

ಅಲ್ಲೇ ಕೇಳಿದ್ದು. ಈ ಕಡೆಯ ಒಂದು ಮನೆಯಲ್ಲಿ ಅತ್ತೆ ಕನ್ನಡದವರು, ಸೊಸೆ ಮರಾಠಿಯವಳು. ಹಬ್ಬಕ್ಕೆ ಶೀಕರಣಿ ಮಾಡು ಎಂದರು ಅತ್ತೆ. ಸೊಸೆ ಬಾಳೆಹಣ್ಣು ಕಿವುಚಿ ಹಾಲು ಬೆರೆಸಿ ತಂದಿಟ್ಟಳು. ಮರಾಠಿಯಲ್ಲಿ ಶಿಕರಣ ಎಂದರೆ ಅದೇ. ಕನ್ನಡದ ಶೀಕರಣಿಗೆ ಮಾವು ಬೇಕು, ಮಾವಿನ ಕಾಲ ಮುಗಿದಿತ್ತು. ಕೊನೆಗೆ ಡಬ್ಬಿ ಒಡೆದರು.

ಆಜರಾ ರಸ್ತೆ. ಎಲೆಯ ದೊನ್ನೆಯಲ್ಲಿ ಕವಳಿಹಣ್ಣು ಮಾರುತ್ತಿದ್ದ ಅಜ್ಜಿ. ಮರಾಠಿಯವರು ಕರವಂದ ಅನ್ನುತ್ತಾರೆ. ಎರಡು ದೊನ್ನೆ ಕೊಂಡೆ. ಮಗ್ಗುಲಲ್ಲಿದ್ದ ಬೇಕರಿಯಾತ, “ನಮ್ಮ ಕೇಕಿನ ಚೆರ್ರಿ ಇದಾ ನೋಡ್ರಿ” ಎಂದ. ನಂಬಲಿಲ್ಲ. ಆತ ಡಬ್ಬಿಯಿಂದ ಒಂದು ಚೆರ್ರಿ ತೆಗೆದು ಕೊಯ್ದು ತೋರಿಸಿದ: ಬೀಜ ತೆಗೆದ ತೂತು, ಅದೇ ಆಕಾರ, ಅದೇ ಗಾತ್ರ. ಎಳೆಗಾಯಿಯ ಬೀಜ ತೆಗೆದು, ಉಪ್ಪುನೀರಿನಲ್ಲಿಟ್ಟು ಬಣ್ಣ ಕಳೆದು, ಎರಿಥ್ರೋಸಿನ್ ಕೆಂಪು ಹಿಡಿಸಿ, ದಿನದಿನಕ್ಕೆ ಗಟ್ಟಿಯಾಗುವ ಪಾಕದಲ್ಲಿ ನೆನೆಸಿದರೆ ಕವಳಿ ಚೆರ್ರಿಯಾಗುತ್ತದೆ. ಹುಳಿಯಲ್ಲಿ ಆ ಬಣ್ಣ ಕರಗುವುದಿಲ್ಲ, ಆದ್ದರಿಂದ ಪಕ್ಕದ ಕೆನೆಗೆ ಇಳಿಯುವುದಿಲ್ಲ. ಕೊಲ್ಹಾಪುರದ ಪ್ರಶ್ನೆಚಿಹ್ನೆಯನ್ನು ಅಳಿಸಿದೆ.

ಆ ಕಡೆ ಹೋಗುವವರಿಗೆ ಒಂದು ಮಾತು. ದೊನ್ನೆಯಿಂದ ಕರ್ರಗಿರುವುದನ್ನೇ ಆರಿಸಿ ತಿನ್ನಿ. ಚೆರ್ರಿಯ ಹಾಗೆ ಕೆಂಪಗಿರುವುದು ಇನ್ನೂ ಕಾಯಿ. ಅದರ ಹಾಲು ತುಟಿಗೆ ಅಂಟಿದರೆ ಬೇಗ ಬಿಡುವುದಿಲ್ಲ.