ಎರಡು ಡಬ್ಬಿ ಇಂಗು

ಟೆಕ್ಸಸ್‌ನ ಸ್ಯಾನ್ ಆಂಟೋನಿಯೋಗೆ ಮನೆ ಬದಲಾಯಿಸಿದ ಹೊಸತು. ಪಕ್ಕದ ಮನೆಯ ಮೆಕ್ಸಿಕನ್ ಅಜ್ಜಿ ಬೇಲಿಯ ಮೇಲಿಂದ ಒಂದು ಹಿಡಿ ಸೊಪ್ಪು ಚಾಚಿ, "ತಗೋ ಮಿಹೋ, ಎಪಾಸೋಟೆ. ಬೀನ್ಸ್ ಕಾಳು ಬೇಯಿಸುವಾಗ ಹಾಕು" ಅಂದರು. 'ಮಿಹೋ' ಅಂದರೆ ನಮ್ಮ 'ಮಗಾ' ಇದ್ದ ಹಾಗೆ. ಮೂಸಿ ನೋಡಿದೆ. ಪುದೀನ ಸೊಪ್ಪನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೆಗೆದಂಥ ವಾಸನೆ! ನಗುನಗುತ್ತಾ ಒಳಗೆ ತಂದು ಕಸದ ಬುಟ್ಟಿಗೆ ಹಾಕಿದೆ.

ಮರುದಿನ ಅಜ್ಜಿ, "ಹೇಗಿತ್ತು?" ಅಂದರು. "ತುಂಬಾ ಚೆನ್ನಾಗಿತ್ತು ಸೆನ್ಯೋರಾ" ಅಂದೆ. ಅವರ ಮುಖ ಅರಳಿತು. ಒಳಗೆ ಹೋಗಿ ಕಾಗದದಲ್ಲಿ ಬೀಜ ಕಟ್ಟಿಕೊಂಡು ಬಂದರು.

ಆ ಸುಳ್ಳು ನನಗೆ ಹೊಸದೇನಲ್ಲ. ಎಂ.ಎಸ್. ಓದುವಾಗ ಸಾರಿಗೆ ಇಂಗಿನ ಒಗ್ಗರಣೆ ಹಾಕಿದರೆ ರೂಮಿನ ಹುಡುಗ ಕಿಟಕಿಗಳನ್ನೆಲ್ಲ ತೆರೆದು, "ಇಲ್ಲಿ ಏನಾದರೂ ಸತ್ತಿದೆಯಾ?" ಎಂದು ಕೇಳುತ್ತಿದ್ದ. ಡಬ್ಬಿಯನ್ನು ಎರಡು ಕವರ್‌ನಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ಬಚ್ಚಿಟ್ಟೆ. ಕೊನೆಗೆ ಎಸೆದೇಬಿಟ್ಟೆ. "ಇಂಗು ಮುಗೀತೇನೋ? ಕಳಿಸ್ಲಾ?" ಎಂದು ಅಮ್ಮ ಫೋನಿನಲ್ಲಿ ಕೇಳಿದಾಗಲೆಲ್ಲ, "ಇನ್ನೂ ಇದೆ ಅಮ್ಮಾ" ಅನ್ನುತ್ತಿದ್ದೆ. ಆ ಹುಡುಗನ ಮೇಲೆ ವರ್ಷಗಟ್ಟಲೆ ಸಿಟ್ಟಿತ್ತು. ಈಗ ನಾನು ಮಾಡಿದ್ದೂ ಅದನ್ನೇ ಅಲ್ಲವೇ?

ಪ್ರಾಯಶ್ಚಿತ್ತವೆಂಬಂತೆ ಬೀಜವನ್ನು ಕುಂಡದಲ್ಲಿ ಅರ್ಧ ಇಂಚು ಆಳಕ್ಕೆ ಊರಿದೆ. ಮೂರು ವಾರವಾದರೂ ಒಂದೂ ಮೊಳೆಯಲಿಲ್ಲ. ಅಜ್ಜಿ ಬಂದು ನೋಡಿ ನಕ್ಕರು: "ಗಸಗಸೆಯಷ್ಟು ಸಣ್ಣ ಬೀಜ, ಅದಕ್ಕೆ ಬೆಳಕು ಬೇಕು. ಹೂಳಬೇಡ. ಮೇಲೆ ಉದುರಿಸಿ ಮೆಲ್ಲಗೆ ಒತ್ತು, ಸಾಕು." ಹಾಗೇ ಮಾಡಿದೆ. ಬಂತು ನೋಡಿ, ಕಳೆಯ ಹಾಗೆ! ಬೀಜ ಬಲಿಯಲು ಬಿಟ್ಟರೆ ಮುಂದಿನ ವರ್ಷ ಅಂಗಳವೆಲ್ಲ ಅದೇ.

ರಾತ್ರಿ ನೆನೆಹಾಕಿದ ಕಪ್ಪು ಬೀನ್ಸ್ ಕಾಳನ್ನು ಈರುಳ್ಳಿ ಜೊತೆ ಬೇಯಿಸಿ, ಇಳಿಸಲು ಕಾಲು ಗಂಟೆ ಇದೆ ಅನ್ನುವಾಗ ಎರಡು ಕಡ್ಡಿ ಸೊಪ್ಪು ಹಾಕಿದೆ. ಎರಡೇ. ಇದರ ಎಣ್ಣೆಯನ್ನು ಹಿಂದೆ ಜಂತುಹುಳುವಿಗೆ ಔಷಧಿಯಾಗಿ ಕೊಡುತ್ತಿದ್ದರು. ಹೆಚ್ಚಾದರೆ ಅದು ವಿಷ. ಕುದಿಯುತ್ತಾ ಸೀಮೆಎಣ್ಣೆಯ ಘಾಟು ತಗ್ಗಿ, ಕಟ್ಟಿಗೆ ಒಂದು ಗಾಢ ರುಚಿ ಇಳಿಯಿತು. ಎಣ್ಣೆಯಲ್ಲಿ ಅರಳಿದ ಇಂಗು ಪಳಗುವುದೂ ಹೀಗೇ. "ಇದನ್ನು ಹಾಕಿದರೆ ಹೊಟ್ಟೆ ಉಬ್ಬರಿಸಲ್ಲ" ಎಂದಿದ್ದರು ಅಜ್ಜಿ. ತೊಗರಿಬೇಳೆಗೆ ಇಂಗು ಹಾಕುತ್ತಾ ಅಮ್ಮ ಹೇಳುವುದೂ ಅದೇ ಮಾತು.

ಎಪಾಸೋಟೆ ಎಂಬ ಹೆಸರು ಮೆಕ್ಸಿಕೋದ ಮೂಲನಿವಾಸಿಗಳ ನಾವಾಟ್ಲ್ ಭಾಷೆಯದು. ಅದರಲ್ಲಿ ಸ್ಕಂಕ್ ಎಂಬ ಗಬ್ಬುನಾತದ ಪ್ರಾಣಿಯ ಹೆಸರಿದೆ ಎನ್ನುತ್ತಾರೆ. ನಾರುತ್ತದೆ ಎಂದು ತಾವೇ ಹೆಸರಿಟ್ಟು, ನಾಚಿಕೆಯಿಲ್ಲದೆ ಉಂಡ ಜನ!

ಒಂದು ಸಂಜೆ ಅಜ್ಜಿಗೆ ಕಸದ ಬುಟ್ಟಿಯ ನಿಜ ಹೇಳಿದೆ. ಇಂಗಿನ ಕಥೆಯನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟು ನಾರುತ್ತಾ ಅದು? ತಂದು ತೋರಿಸು" ಅಂದರು.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. "ಇಂಗು ಮುಗಿದಿದೆ ಅಮ್ಮಾ. ಎರಡು ಡಬ್ಬಿ ಕಳಿಸು."