ಹಜ್ಜ್ ಯಾತ್ರೆಯ ಪೆಟ್ಟಿಗೆ: ಬಟ್ಟೆ, ಚಪ್ಪಲಿ ಮತ್ತು ತಖ್ವಾ

ಹಜ್ಜ್ ಯಾತ್ರಿಕರ ಪಟ್ಟಿಯಲ್ಲಿ ಹೆಸರು ಬಂದ ದಿನದಿಂದಲೇ ನಮ್ಮ ಮನೆಗಳಲ್ಲಿ ಪೆಟ್ಟಿಗೆಯ ಮಾತು ಆರಂಭವಾಗುತ್ತದೆ. ಯಡಿಯೂರು, ಕುಣಿಗಲ್ ಕಡೆಯ ನಮಗೆ ಬೆಂಗಳೂರಿನ ಹಜ್ಜ್ ಭವನ ದೂರವೇನಲ್ಲ. ಹೆದ್ದಾರಿ ಹಿಡಿದರೆ ಕೆಲವೇ ಗಂಟೆಗಳ ದಾರಿ. ಆದರೆ ಅಲ್ಲಿಂದ ಮುಂದೆ ವಿಮಾನ ಇಳಿಯುವ ನಾಡು ನಮ್ಮ ತೆಂಗಿನ ತೋಟಗಳ ನೆರಳನ್ನು ಕಾಣದ ನಾಡು. ಆ ಬಿಸಿಲಿಗೆ ಯಾವ ಬಟ್ಟೆ ಇಡಬೇಕು, ಯಾವ ಚಪ್ಪಲಿ ಇಡಬೇಕು ಎಂಬ ಪ್ರಶ್ನೆಯನ್ನು ಕೇವಲ ಹೆಣ್ಣುಮಕ್ಕಳ ಕೆಲಸವೆಂದು ಬಿಟ್ಟುಬಿಡುವಂತಿಲ್ಲ. ಅದು ನಮ್ಮ ದೀನಿಗೂ ಸಂಬಂಧಿಸಿದ ಪ್ರಶ್ನೆ.

ಪೂರ್ವಕಾಲದಲ್ಲಿ ಯಮನ್‌ನ ಕೆಲವರು ಯಾವ ಸಾಮಗ್ರಿಯನ್ನೂ ತರದೆ ಹಜ್ಜ್‌ಗೆ ಬರುತ್ತಿದ್ದರು. ತಾವು ಅಲ್ಲಾಹನಲ್ಲಿ ಭರವಸೆಯಿಟ್ಟವರೆಂದು ಹೇಳಿಕೊಂಡು, ಮಕ್ಕಾಕ್ಕೆ ಬಂದ ಮೇಲೆ ಜನರಲ್ಲಿ ಬೇಡುತ್ತಿದ್ದರು. ಸೂರಃ ಅಲ್‌ಬಖರದ 197ನೆಯ ವಚನ ಈ ಹಿನ್ನೆಲೆಯಲ್ಲಿ ಅವತೀರ್ಣವಾಯಿತೆಂದು ಹಝ್ರತ್ ಇಬ್ನು ಅಬ್ಬಾಸ್(ರ) ಅವರಿಂದ ವರದಿಯಾಗಿದೆ. ಪ್ರಯಾಣದ ಸಾಮಗ್ರಿಯನ್ನು ಜೊತೆಗಿಟ್ಟುಕೊಳ್ಳಬೇಕೆಂದು ಆ ವಚನ ಆದೇಶಿಸುತ್ತದೆ. ಸಾಮಗ್ರಿಗಳಲ್ಲೆಲ್ಲ ಶ್ರೇಷ್ಠವಾದುದು ತಖ್ವಾ ಎಂದೂ ಕಲಿಸುತ್ತದೆ. ಸಿದ್ಧತೆಯಿಲ್ಲದೆ ಹೊರಡುವುದು ತವಕ್ಕುಲ್ ಅಲ್ಲ; ಸಿದ್ಧತೆಯನ್ನೇ ನಂಬಿ ಕೂರುವುದೂ ಅಲ್ಲ. ನಮ್ಮ ಪೆಟ್ಟಿಗೆ ಈ ಎರಡರ ನಡುವೆ ತುಂಬಬೇಕಾದದ್ದು.

ಮಕ್ಕಾದ ಬೇಸಿಗೆ ಎಂಥದೆಂಬುದನ್ನು 2024ರ ಹಜ್ಜ್ ಜಗತ್ತಿಗೇ ತೋರಿಸಿತು. ಆ ವರ್ಷ ಜೂನ್ 17ರಂದು ಮಸ್ಜಿದುಲ್ ಹರಾಮ್‌ನ ಬಳಿ ಉಷ್ಣಾಂಶ 51.8 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಆ ಹಜ್ಜ್‌ನಲ್ಲಿ 1,301 ಯಾತ್ರಿಕರು ಮೃತಪಟ್ಟರೆಂದು ಸೌದಿ ಸರಕಾರ ಪ್ರಕಟಿಸಿತು. ಅವರಲ್ಲಿ ಶೇ. 83ರಷ್ಟು ಮಂದಿ ಅಧಿಕೃತ ಅನುಮತಿ ಇಲ್ಲದೆ ಬಂದವರು; ನೆರಳಿಲ್ಲದೆ, ತಂಗುವ ವ್ಯವಸ್ಥೆಯಿಲ್ಲದೆ ಬಿಸಿಲಿನಲ್ಲಿ ಬಹುದೂರ ನಡೆದವರು. ಅಲ್ಲಾಹನು ಅವರೆಲ್ಲರನ್ನೂ ಕ್ಷಮಿಸಲಿ. ಹಜ್ಜ್ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತಾ ಬೇಸಿಗೆಯ ತುದಿಯಿಂದ ಇಳಿಯುತ್ತಿದೆಯಾದರೂ, ಮೇ ತಿಂಗಳ ಮಕ್ಕಾ ಕೂಡ ನಮ್ಮ ಕಡೆಯ ಯಾವ ಬೇಸಿಗೆಗಿಂತಲೂ ಕಠಿಣವೇ.

ಬಿಸಿಲಿನಿಂದ ತನ್ನನ್ನು ಕಾಪಾಡಿಕೊಳ್ಳುವುದು ಭಕ್ತಿಯ ಕೊರತೆಯೆಂದು ನಮ್ಮ ಕೆಲವು ಹಿರಿಯರು ಭಾವಿಸುತ್ತಾರೆ. ಪ್ರವಾದಿವರ್ಯರ(ಸ) ವಿದಾಯದ ಹಜ್ಜ್‌ನಲ್ಲಿ ಹಝ್ರತ್ ಬಿಲಾಲ್(ರ) ಮತ್ತು ಹಝ್ರತ್ ಉಸಾಮ(ರ) ಜೊತೆಗಿದ್ದರು. ಒಬ್ಬರು ಒಂಟೆಯ ಮೂಗುದಾರ ಹಿಡಿದಿದ್ದರೆ, ಇನ್ನೊಬ್ಬರು ಬಟ್ಟೆಯನ್ನು ಎತ್ತಿ ಹಿಡಿದು ಪ್ರವಾದಿವರ್ಯರಿಗೆ(ಸ) ಬಿಸಿಲು ತಾಗದಂತೆ ನೆರಳು ಮಾಡಿದ್ದರೆಂದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಿದೆ. ಇಹ್ರಾಮ್‌ನಲ್ಲಿರುವ ಪುರುಷ ತಲೆಗೆ ಟೋಪಿ ಇಡುವಂತಿಲ್ಲ, ಆದರೆ ಕೊಡೆ ಹಿಡಿಯಬಹುದು. ಆದ್ದರಿಂದ ಪೆಟ್ಟಿಗೆಗೆ ಮೊದಲು ಸೇರಬೇಕಾದದ್ದು ತಿಳಿಬಣ್ಣದ ಒಂದು ಮಡಚುವ ಕೊಡೆ.

ಪುರುಷರಿಗೆ ಇಹ್ರಾಮ್‌ನ ಹೊಲಿಗೆಯಿಲ್ಲದ ಎರಡು ವಸ್ತ್ರಗಳು ಬೇಕು. ಒಂದು ಜೊತೆ ಕೊಳೆಯಾದರೆ ಬದಲಿಸಲು ಇನ್ನೊಂದು ಜೊತೆ ಇರಲಿ. ದಪ್ಪ ಟವೆಲ್ ಬಟ್ಟೆ ಬೆವರು ಕುಡಿದು ಭಾರವಾಗುತ್ತದೆ. ತೆಳುವಾದ ಹತ್ತಿಯದು ಬೇಗ ಒಣಗುತ್ತದೆ. ನಡೆದು ನಡೆದು ತೊಡೆಯ ಸಂದಿ ಉಜ್ಜಿ ಗಾಯವಾಗುವುದು ಸಾಮಾನ್ಯ. ನಾಚಿಕೆಯಿಂದ ಯಾರೂ ಇದನ್ನು ಮೊದಲೇ ಹೇಳುವುದಿಲ್ಲ. ಪರಿಮಳವಿಲ್ಲದ ವ್ಯಾಸಲೀನ್ ಮತ್ತು ಪರಿಮಳವಿಲ್ಲದ ಸಾಬೂನು ಇಟ್ಟುಕೊಳ್ಳಬೇಕು. ಇಹ್ರಾಮ್‌ನಲ್ಲಿ ಸುಗಂಧ ನಿಷಿದ್ಧ. ವಿಮಾನ ನೇರವಾಗಿ ಜಿದ್ದಾಕ್ಕೆ ಹೋಗುವುದಾದರೆ ಮೀಖಾತ್ ದಾಟುವ ಮುನ್ನವೇ ಇಹ್ರಾಮ್ ಆಗಬೇಕಾದ್ದರಿಂದ ಆ ವಸ್ತ್ರಗಳು ಕೈಚೀಲದಲ್ಲಿರಬೇಕು, ವಿಮಾನದ ಹೊಟ್ಟೆಗೆ ಹೋಗುವ ದೊಡ್ಡ ಪೆಟ್ಟಿಗೆಯಲ್ಲಲ್ಲ. ಮೊದಲು ಮದೀನಾಕ್ಕೆ ಹೋಗುವವರು ಅಲ್ಲಿಂದ ಹೊರಟು ಝುಲ್‌ಹುಲೈಫಾದಲ್ಲಿ ಇಹ್ರಾಮ್ ಕಟ್ಟುತ್ತಾರೆ. ಅವರಿಗೆ ಈ ಅವಸರವಿಲ್ಲ.

ಸ್ತ್ರೀಯರಿಗೆ ಅವರ ಎಂದಿನ ಹೊಲಿದ ಉಡುಪೇ ಇಹ್ರಾಮ್‌ನ ಉಡುಪು. ಬಿಳಿಯದೇ ಆಗಬೇಕೆಂಬ ನಿಯಮವಿಲ್ಲ. ಇಹ್ರಾಮ್‌ನಲ್ಲಿ ನಿಖಾಬ್ ಮತ್ತು ಕೈಗವಸು ಧರಿಸುವಂತಿಲ್ಲ. ಕಾಲುಚೀಲ, ಶೂ ಧರಿಸಬಹುದು. ಸಡಿಲವಾದ ಹತ್ತಿಯ ಸಲ್ವಾರ್ ಕಮೀಝ್ ನಾಲ್ಕೈದು ಜೊತೆ, ಹಗುರವಾದ ಅಬಾಯ ಎರಡು, ಪಿನ್ನಿನ ಹಂಗಿಲ್ಲದೆ ತಲೆಯ ಮೇಲೆ ನಿಲ್ಲುವ ದುಪಟ್ಟಾ ಇದ್ದರೆ ಸಾಕು. ಜರಿ, ಕಸೂತಿ, ಸಿಂಥೆಟಿಕ್ ಬಟ್ಟೆಗಳು ಮದುವೆಯ ಮನೆಗೆ ಚೆನ್ನ. ಮಕ್ಕಾದ ಬಿಸಿಲಿನಲ್ಲಿ ಅವು ಮೈಗೆ ಅಂಟಿಕೊಂಡು ಹಿಂಸೆ ಕೊಡುತ್ತವೆ. ಹೋಟೆಲು, ಬಸ್ಸು, ಮಿನಾದ ಡೇರೆಗಳಲ್ಲಿ ಎಸಿಯ ಚಳಿ ಇರುವುದರಿಂದ ತೆಳುವಾದ ಒಂದು ಶಾಲು ಎಲ್ಲರಿಗೂ ಬೇಕು.

ಇನ್ನು ಚಪ್ಪಲಿಯ ವಿಷಯ. ಬಟ್ಟೆಗೆ ನಾವು ವಾರಗಟ್ಟಲೆ ಯೋಚಿಸುತ್ತೇವೆ, ಚಪ್ಪಲಿಯನ್ನು ಹೊರಡುವ ಹಿಂದಿನ ದಿನ ಕೊಳ್ಳುತ್ತೇವೆ. ಆದರೆ ಹಜ್ಜ್ ನಡೆಯುವುದು ಪಾದಗಳ ಮೇಲೆ. ಸಫಾ ಮರ್ವಾಗಳ ನಡುವಿನ ಏಳು ಓಡಾಟಗಳೇ ಮೂರು ಕಿ.ಮೀ.ಗಿಂತ ಹೆಚ್ಚು. ಅರಫಾತ್ ಮೈದಾನವಿರುವುದು ಮಸ್ಜಿದುಲ್ ಹರಾಮ್‌ನಿಂದ ಸುಮಾರು 20 ಕಿ.ಮೀ. ದೂರದಲ್ಲಿ. ಬಸ್ಸು ಇದ್ದರೂ ಜನಸಾಗರದ ನಡುವೆ ನಡೆಯುವುದು ತಪ್ಪದು. ಇಹ್ರಾಮ್‌ನಲ್ಲಿರುವ ಪುರುಷರ ಚಪ್ಪಲಿ ಕಾಲಿನ ಹರಡನ್ನು ಮುಚ್ಚಬಾರದು. ಪಾದದ ಮೇಲಿನ ಉಬ್ಬುಮೂಳೆಯೂ ತೆರೆದಿರಬೇಕೆಂದು ಹನಫೀ ವಿದ್ವಾಂಸರು ಹೇಳುತ್ತಾರೆ. ದಪ್ಪ, ಮೃದು ಅಟ್ಟೆಯ ಚಪ್ಪಲಿಯನ್ನು ಒಂದೆರಡು ತಿಂಗಳು ಮೊದಲೇ ಕೊಂಡು, ಮಾರ್ಕೋನಹಳ್ಳಿಯ ಕಡೆಯ ರಸ್ತೆಯಲ್ಲೋ ಊರಿನ ತೋಟದ ದಾರಿಯಲ್ಲೋ ಪ್ರತಿದಿನ ಫಜ್ರ್ ನಂತರ ಅದನ್ನೇ ಹಾಕಿಕೊಂಡು ನಡೆದರೆ ಚಪ್ಪಲಿಯೂ ಪಳಗುತ್ತದೆ, ಕಾಲೂ ಪಳಗುತ್ತದೆ.

ನಮ್ಮ ಮನೆಗಳಿಂದ ಹಜ್ಜ್‌ಗೆ ಹೋಗುವವರಲ್ಲಿ ಹೆಚ್ಚಿನವರು ವಯಸ್ಸಾದವರು, ಅವರಲ್ಲಿ ಎಷ್ಟೋ ಮಂದಿಗೆ ಸಕ್ಕರೆ ಕಾಯಿಲೆ. ಸಕ್ಕರೆ ಕಾಯಿಲೆ ಹಳೆಯದಾದಾಗ ಪಾದದ ಸಂವೇದನೆ ಕುಂದುತ್ತದೆ. ಸುಡುವ ನೆಲದ ಮೇಲೆ ಬರಿಗಾಲಲ್ಲಿ ನಿಂತರೂ ಅವರಿಗೆ ತಿಳಿಯುವುದಿಲ್ಲ. ರಾತ್ರಿ ನೋಡಿದಾಗ ಬೊಬ್ಬೆ ಎದ್ದಿರುತ್ತದೆ, ಆ ಗಾಯ ಬೇಗ ಮಾಯುವುದೂ ಇಲ್ಲ. ತವಾಫ್‌ನ ಅಂಗಳದ ಬಿಳಿ ಅಮೃತಶಿಲೆ ಬಿಸಿಲಿನಲ್ಲೂ ತಂಪಾಗಿರುತ್ತದೆ, ಆದರೆ ಹೊರಗಿನ ರಸ್ತೆ ಹಾಗಲ್ಲ. ಮಸೀದಿಯ ಬಾಗಿಲಲ್ಲಿ ಬಿಟ್ಟ ಚಪ್ಪಲಿ ಆ ಜನಸಂದಣಿಯಲ್ಲಿ ಮತ್ತೆ ಸಿಗುವುದು ಕಷ್ಟ. ಕಳೆದುಕೊಂಡವರು ಬರಿಗಾಲಲ್ಲೇ ಹೋಟೆಲಿಗೆ ನಡೆಯಬೇಕಾಗುತ್ತದೆ. ಹೆಗಲಿಗೆ ಹಾಕಿಕೊಳ್ಳುವ ಒಂದು ಬಟ್ಟೆಯ ಚೀಲವನ್ನು ಮನೆಯಲ್ಲೇ ಹೊಲಿದು ಕೊಟ್ಟರೆ ಚಪ್ಪಲಿ ಅವರ ಜೊತೆಯಲ್ಲೇ ಇರುತ್ತದೆ. ಒಂದು ಜೊತೆ ಹೆಚ್ಚಿಗೆ ಇರಲಿ. ತವಾಫ್‌ನಲ್ಲೂ ಬರಿಗಾಲಲ್ಲಿ ನಡೆಯಲಾಗದ ಪುರುಷರು ಶುಚಿಯಾದ ಮೃದು ಚಪ್ಪಲಿಯ ಬಗ್ಗೆ ಇಲ್ಲಿಯೇ ಆಲಿಮರನ್ನು ಕೇಳಿ ತಿಳಿದುಕೊಳ್ಳಲಿ.

ಹಿರಿಯರು ತಮ್ಮ ಕಾಲುನೋವನ್ನು ತಾವಾಗಿ ಹೇಳುವುದಿಲ್ಲ. ಹೇಳಿದರೆ ಎಲ್ಲಿ ಪ್ರಯಾಣ ತಪ್ಪೀತೋ ಎಂಬ ಭಯ. "ಅಮ್ಮಿ, ಇದನ್ನು ಹಾಕಿಕೊಂಡು ಅಂಗಳದಲ್ಲಿ ನಾಲ್ಕು ಸುತ್ತು ಬನ್ನಿ" ಎಂದು ಮಕ್ಕಳೇ ಕೇಳಬೇಕು, ಬಗ್ಗಿ ಪಾದವನ್ನು ನೋಡಬೇಕು. ಪ್ರವಾದಿವರ್ಯರು(ಸ) ಮನೆಯಲ್ಲಿ ತಮ್ಮ ಪಾದರಕ್ಷೆಯನ್ನು ತಾವೇ ಸರಿಪಡಿಸಿಕೊಳ್ಳುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ತಾಯಿತಂದೆಯರ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಪರೀಕ್ಷಿಸುವುದರಲ್ಲಿ ನಮಗೆ ಯಾವ ಕೀಳೂ ಇಲ್ಲ.

ಝುಲ್‌ಹಜ್ಜ್ 8ರಿಂದ ಮಿನಾ, ಅರಫಾತ್, ಮುಝ್ದಲಿಫಾಗಳ ದಿನಗಳಲ್ಲಿ ದೊಡ್ಡ ಪೆಟ್ಟಿಗೆ ಹೋಟೆಲಿನಲ್ಲೇ ಉಳಿಯುತ್ತದೆ. ಒಂದು ಜೊತೆ ಬಟ್ಟೆ, ಔಷಧಿ, ನೀರಿನ ಬಾಟಲಿ, ತೆಳುಚಾಪೆ ಹಿಡಿಸುವ ಬೆನ್ನುಚೀಲವೊಂದೇ ಸಂಗಾತಿ. ಅದನ್ನು ಹೊರಬೇಕಾದದ್ದು ಯಾತ್ರಿಕನ ಸ್ವಂತ ಹೆಗಲು. ದೊಡ್ಡ ಪೆಟ್ಟಿಗೆಯ ಮೇಲೆ ಹೆಸರು, ಕವರ್ ನಂಬರು, ಊರು ದೊಡ್ಡದಾಗಿ ಬರೆದು, ದೂರದಿಂದ ಗುರುತು ಸಿಗುವ ಬಣ್ಣದ ಪಟ್ಟಿ ಕಟ್ಟಿದರೆ ಹುಡುಕಾಟ ತಪ್ಪುತ್ತದೆ.

ಮುಂಬಯಿಯಿಂದ ಹಡಗಿನಲ್ಲಿ ಹೋಗುತ್ತಿದ್ದ ಕಾಲ 1995ಕ್ಕೆ ಮುಗಿಯಿತು. ಆ ಹಿರಿಯರು ತಗಡಿನ ಪೆಟ್ಟಿಗೆಯಲ್ಲಿ ಅಕ್ಕಿ ಬೇಳೆಯನ್ನೂ ಒಯ್ಯಬೇಕಿತ್ತು. ಅವರ ಹೊರೆಗೆ ಕಾರಣವಿತ್ತು. ಇಂದು ನಮ್ಮ ಪೆಟ್ಟಿಗೆ ಭಾರವಾಗುವುದು ಹೆಚ್ಚಾಗಿ ನೋಡುವವರ ಕಣ್ಣಿಗಾಗಿ. ನೆಂಟರು ಕೊಟ್ಟ ಹೊಸ ಬಟ್ಟೆಗಳನ್ನೆಲ್ಲ ತುಂಬದಿದ್ದರೆ ಬೇಸರವಾದೀತೆಂಬ ದಾಕ್ಷಿಣ್ಯ ಬೇರೆ. ಅವನ್ನು ಹಿಂದಿರುಗಿ ಬಂದು ಈದ್‌ಗೆ ಉಟ್ಟರಾಯಿತು. ಯಾವ ಬಟ್ಟೆಯಲ್ಲಿ ರಾಜನೂ ಕೂಲಿಯವನೂ ಒಂದೇ ರೀತಿ ಕಾಣುತ್ತಾರೋ, ಯಾವುದು ನಮಗೆ ಕಫನ್ ಅನ್ನು ನೆನಪಿಸುತ್ತದೋ, ಅದನ್ನು ಉಡಲು ಹೊರಟವರ ಪೆಟ್ಟಿಗೆಯಲ್ಲಿ ಪ್ರದರ್ಶನಕ್ಕೆ ಜಾಗ ಇರಬಾರದು.

ಸೂರಃ ಅಲ್‌ಅಅ್‌ರಾಫ್‌ನ 26ನೆಯ ವಚನ ಮೈ ಮುಚ್ಚುವ ಉಡುಪನ್ನು ಅಲ್ಲಾಹನ ಅನುಗ್ರಹವೆಂದು ನೆನಪಿಸಿ, ತಖ್ವಾದ ಉಡುಪು ಅದಕ್ಕಿಂತ ಉತ್ತಮವೆಂದು ತಿಳಿಸುತ್ತದೆ. ಪೆಟ್ಟಿಗೆಗೆ ಬೀಗ ಹಾಕುವ ಮುನ್ನ ಸಾಲ ತೀರಿಸಿ, ನೆರೆಯವರಲ್ಲಿ, ಒಡಹುಟ್ಟಿದವರಲ್ಲಿ ಕ್ಷಮೆ ಕೇಳಿ, ಮನಸ್ಸನ್ನೂ ಹಗುರ ಮಾಡಿಕೊಂಡು ಹೊರಡೋಣ. ಅಲ್ಲಾಹನು ನಮ್ಮ ಯಾತ್ರಿಕರ ಪಾದಗಳನ್ನು ಕಾಪಾಡಲಿ, ಅವರ ಹಜ್ಜನ್ನು ಸ್ವೀಕರಿಸಲಿ, ಹೋಗಲಾಗದವರಿಗೂ ಆ ದಾರಿಯನ್ನು ತೆರೆಯಲಿ. ಆಮೀನ್.