ನಮ್ಮ ಹೊಳಿಯ ಹಿನ್ನೀರು

ಬೆಳಗಿನ ಐದೂಮುಕ್ಕಾಲು. ಹಡಪಸರ ಹಿಂದೆ ಬಿತ್ತು, ಸೊಲ್ಲಾಪುರ ರಸ್ತೆ ಹಿಡಿದಿದ್ದೇವೆ. ಕ್ಯಾರವಾನಿನ ಒಳಗೆ ತೂಗುಹಾಕಿದ ಸ್ಟೀಲಿನ ಲೋಟಗಳು ಗುಂಡಿ ಬಂದಾಗಲೆಲ್ಲ ಒಂದಕ್ಕೊಂದು ತಾಗಿ ಟಿಣ್ ಎನ್ನುತ್ತವೆ. 2021ರಲ್ಲಿ ಮಹಾರಾಷ್ಟ್ರ ಸರ್ಕಾರ ಕ್ಯಾರವಾನ್ ಪ್ರವಾಸಕ್ಕೊಂದು ನೀತಿ ತಂದ ಸುದ್ದಿ ಓದಿದಾಗಿನಿಂದ ಇದ್ದ ಆಸೆ ಈ ವಸಂತದಲ್ಲಿ ಕೂಡಿಬಂದಿದೆ. ಹೋಳಿ ಮುಗಿದಿದೆ, ಯುಗಾದಿ ಇನ್ನೂ ಬಂದಿಲ್ಲ. ಎರಡು ದಿನದ ಬಾಡಿಗೆ ಗಾಡಿ: ಎರಡು ಮಂಚ, ಒಂದು ಒಲೆ, ಮೊರದಗಲದ ಸಿಂಕು, ಸಿಂಕಿನ ಕೆಳಗೆ ತೊಳೆದ ನೀರು ಕೂಡುವ ಟ್ಯಾಂಕು.

ಕಿಟಕಿ ಪಕ್ಕದ ಮಂಚದ ಮೇಲೆ ಅವ್ವ ಕಾಲು ಚಾಚಿ ಕೂತಿದ್ದಾಳೆ. ಅವಳ ತವರು ಅಫಜಲಪುರ ತಾಲೂಕಿನ ಭೀಮಾ ದಂಡೆ. ನಾನು ಪುಣೆಗೆ ಬಂದು ಇಪ್ಪತ್ತು ವರ್ಷವಾದರೂ ಅವಳು ಇಲ್ಲಿಯ ಹೊಳೆ ನೋಡಿದ್ದು ಸೇತುವೆಯ ಮೇಲಿನಿಂದ ಮಾತ್ರ.

ಕವಡಿಪಾಟದಲ್ಲಿ ಇಳಿಯುತ್ತೇವೆ. ಮುಳಾ-ಮುಠಾ ಹೊಳೆಗೆ ಅಡ್ಡಲಾಗಿ ಹಳೆಯ ಕಲ್ಲಿನ ಒಡ್ಡು. ಅದರ ಮೇಲಿಂದ ನೀರು ಧುಮುಕುವಲ್ಲಿ ಸಾಬೂನಿನ ನೊರೆ ಹತ್ತಿಯ ಅರಳೆಯಂತೆ ಗುಡ್ಡೆಗಟ್ಟಿದೆ. ಗಾಳಿ ಬೀಸಿದರೆ ನೊರೆಯ ಚೂರು ಹಾರಿ ಮುಳ್ಳುಗಂಟಿಗೆ ಅಂಟಿಕೊಳ್ಳುತ್ತದೆ. ಅವ್ವ ಸೆರಗನ್ನು ಮೂಗಿಗೆ ಒತ್ತಿಕೊಳ್ಳುತ್ತಾಳೆ. ಆದರೆ ಮಬ್ಬು ಹರಿಯುತ್ತಿದ್ದಂತೆ ಕಾಣುವುದೇ ಬೇರೆ: ಹೊಳೆಯ ತುಂಬ ಹಕ್ಕಿಗಳು. ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿಗಳು ಒಡ್ಡಿನ ಗುಂಟ ಸಾಲುಗಟ್ಟಿವೆ. ಬಣ್ಣದ ಕೊಕ್ಕರೆಗಳು ಅರ್ಧ ತೆರೆದ ಕೊಕ್ಕನ್ನು ನೀರಲ್ಲಿ ಅದ್ದಿ ಅತ್ತಿತ್ತ ಆಡಿಸುತ್ತಿವೆ. ಕಿತ್ತಳೆ ಮೈಯ ಒಂದು ಜೋಡಿ ಚಕ್ರವಾಕ ಪ್ಲಾಸ್ಟಿಕ್ ಚೀಲವೊಂದನ್ನು ಬಳಸಿ ತೇಲಿಹೋಗುತ್ತದೆ. ಹೊಲಸು ನೀರಲ್ಲಿ ಹುಳ ಹುಪ್ಪಟೆ ಹೆಚ್ಚು, ಅದಕ್ಕೇ ಹಕ್ಕಿ ಹೆಚ್ಚು. ಹಕ್ಕಿ ಇದೆಯೆಂದು ಹೊಳೆ ಚೆನ್ನಾಗಿದೆ ಅಂದುಕೊಂಡರೆ ಮೋಸಹೋದಂತೆ.

"ಈ ನೀರು ಎಲ್ಲಿಗಿ ಹೋಗ್ತದ?"

"ಭೀಮಾಕ್ಕ."

"ನಮ್ಮ ಭೀಮಾಕ್ಕ?"

ಹೂಂ ಅಂದೆ. ಅವ್ವ ಮುಂದೆ ಮಾತಾಡುವುದಿಲ್ಲ. ಚಹಾದ ಲೋಟ ತೊಳೆದ ನೀರನ್ನು ಇಲ್ಲೇ ಬಿಟ್ಟುಬಿಡೋಣವೇ, ಹೇಗೂ ಗಟಾರವೇ ಅಲ್ಲವೇ ಎಂದು ಡ್ರೈವರ್ ಟ್ಯಾಂಕಿನ ನಲ್ಲಿಗೆ ಕೈಯಿಟ್ಟು ಕೇಳುತ್ತಾನೆ. ಅವ್ವನೇ ಒಳಗಿನಿಂದ ಕೂಗುತ್ತಾಳೆ: "ಬ್ಯಾಡ."

ಯವತದ ಹತ್ತಿರ ಬಲಗಡೆಯ ದಾರಿ ಹಿಡಿದು ಭುಲೇಶ್ವರದ ಗುಡ್ಡ ಹತ್ತುತ್ತೇವೆ. ಹೊರಗಿನಿಂದ ಕೋಟೆಯಂತೆ ಕಾಣುವ ಶಿವಾಲಯ, ಒಳಗೆ ಕಾಲಿಟ್ಟರೆ ಕರಿಕಲ್ಲಿನ ತಂಪು. ಸೇವುಣರ ಕಾಲದ್ದು. ದೇವಗಿರಿಯಿಂದ ಆಳಿದ ಆ ದೊರೆಗಳು ಕನ್ನಡದಲ್ಲೂ ನೂರಾರು ಶಾಸನ ಬರೆಸಿದವರು. ಸ್ತ್ರೀರೂಪದ ಗಣಪನನ್ನು ಅವ್ವ ಕತ್ತೆತ್ತಿ ಬಹಳ ಹೊತ್ತು ನೋಡುತ್ತಾಳೆ. ಅಂಗಳದಿಂದ ಕೆಳಗೆ ನೋಡಿದರೆ ಒಣ ಬಯಲು, ಅಲ್ಲೊಂದು ಇಲ್ಲೊಂದು ಎಲೆಯಿಲ್ಲದೆ ಹೂವಷ್ಟೇ ಹೊತ್ತ ಮುತ್ತುಗದ ಮರ.

ಗುಡ್ಡ ಇಳಿದು ಸುಪೆಗೆ. ಅಲ್ಲಿಯ ಮಯೂರೇಶ್ವರ ಅಭಯಾರಣ್ಯ 1997ರಲ್ಲಿ ಆದದ್ದು, ಹರವು ಬರೀ 5.14 ಚದರ ಕಿಲೋಮೀಟರ್. ಅರಣ್ಯ ಅಂದರೆ ದಟ್ಟ ಮರ ಅಂದುಕೊಂಡು ಬಂದವರು ಗೇಟಿನಲ್ಲೇ ಸಪ್ಪೆಯಾಗುತ್ತಾರೆ. ಹುಲ್ಲು, ಬರೀ ಹುಲ್ಲು, ಮೊಣಕಾಲೆತ್ತರದ ಒಣಹುಲ್ಲು. ಸರ್ಕಾರಿ ಕಾಗದದಲ್ಲಿ ಇಂಥ ನೆಲಕ್ಕೆ ಬಂಜರು ಎನ್ನುವ ಹೆಸರು ಅಂಟಿಸಿದ್ದು ದೊಡ್ಡ ಅನ್ಯಾಯ ಎಂದು ನನಗೆ ಪ್ರತಿಸಲ ಅನ್ನಿಸುತ್ತದೆ. ನಮ್ಮ ಬಾಗಲಕೋಟೆ ಸೀಮೆಯ ಯಡಹಳ್ಳಿಯಲ್ಲಿರುವಂತೆ ಇಲ್ಲಿಯೂ ಚಿಂಕಾರಗಳಿವೆ. ಒಂದು ಹೆಣ್ಣು ಜಾಲಿಯ ನೆರಳಲ್ಲಿ ನಿಂತು ಕಿವಿ ನಮ್ಮತ್ತ ತಿರುಗಿಸುತ್ತದೆ, ಬಾಲ ಟಕಟಕ ಅಲುಗಿಸುತ್ತದೆ, ಎರಡು ನೆಗೆತಕ್ಕೆ ಹುಲ್ಲಿನ ಬಣ್ಣದಲ್ಲಿ ಕರಗುತ್ತದೆ. ಗುಬ್ಬಿಯಷ್ಟೇ ದೊಡ್ಡದಾದ ನೆಲಗುಬ್ಬಿಯ ಗಂಡು, ಹೊಟ್ಟೆಯೆಲ್ಲ ಕಪ್ಪು, ರೆಕ್ಕೆ ಬಡಿಯುತ್ತ ನೆಟ್ಟಗೆ ಮೇಲೇರಿ, ರೆಕ್ಕೆ ಮಡಚಿ ಕಲ್ಲಿನಂತೆ ಬಿದ್ದು, ನೆಲ ಮುಟ್ಟುವ ಮೊದಲೇ ಮತ್ತೆ ಏರುತ್ತದೆ. ಬೀಳುವಾಗ ಎಳೆದ ಸಿಳ್ಳೆ. ಸುಡುವ ಬಿಸಿಲಲ್ಲಿ ಅದಕ್ಕೆ ಬೇಸರವೇ ಇಲ್ಲ.

ಸಂಜೆಗೆ ಭಿಗವಣ. ಕುಂಭಾರಗಾವದಲ್ಲಿ ಮೀನುಗಾರರೊಬ್ಬರ ಮನೆಯಂಗಳದಲ್ಲಿ ಗಾಡಿ ನಿಲ್ಲಿಸಿದ್ದೇವೆ. ಒಳಗಿನಿಂದ ಚಿಲಾಪಿ ಮೀನು ಹುರಿಯುವ ವಾಸನೆ. ಅವ್ವ ಗಂಟು ಬಿಚ್ಚಿ ಕಟಕ ರೊಟ್ಟಿ, ಶೇಂಗಾ ಹಿಂಡಿ ತೆಗೆಯುತ್ತಾಳೆ. ಆ ಮನೆಯಾಕೆ ರೊಟ್ಟಿಯನ್ನು ಮುರಿದು ನೋಡಿ ನಗುತ್ತಾಳೆ, ನಮ್ಮ ಭಾಕ್ರಿಯೇ ಎನ್ನುತ್ತಾಳೆ. ರಾತ್ರಿ ದೀಪ ಆರಿಸಿದ ಮೇಲೆ ನೀರಿನ ಕಡೆಯಿಂದ ಬಾತುಗಳ ಗದ್ದಲದಂಥ ಸದ್ದು ಬರುತ್ತಲೇ ಇರುತ್ತದೆ. ರಾಜಹಂಸಗಳು. ಅವು ರಾತ್ರಿಯೂ ಮೇಯುತ್ತವೆ.

ಮುಂಜಾನೆ ದೋಣಿ. ಉಜನಿ ಅಣೆಕಟ್ಟಿನ ಹಿನ್ನೀರಿನ ಮೇಲೆ ತೆಳು ಮಂಜು. ಒಂದಿಷ್ಟು ದೂರ ಹೋಗಿ ದೋಣಿಯವ ಮೋಟಾರು ಆರಿಸಿ ಕೋಲು ಹಿಡಿಯುತ್ತಾನೆ. ಮಂಜಿನ ತುದಿಯಲ್ಲಿ ತಿಳಿಗುಲಾಬಿ ಗೆರೆಯೊಂದು ಎಳೆದಂತಿದೆ. ಹತ್ತಿರವಾದಂತೆ ಗೆರೆಗೆ ಕಾಲು ಮೂಡುತ್ತವೆ, ಕತ್ತು ಮೂಡುತ್ತವೆ. ನೂರಾರು.

ಇಪ್ಪತ್ತು ಮೊಳ ದೂರದಲ್ಲಿ ಒಂದು. ಕತ್ತನ್ನು ಪೂರ್ತಿ ಇಳಿಬಿಟ್ಟು ತಲೆಯನ್ನು ತಲೆಕೆಳಗು ಮಾಡಿ ನೀರಿಗಿಟ್ಟಿದೆ, ಮೇಲ್ಗೊಕ್ಕು ಕೆಳಗೆ, ಕೆಳಗೊಕ್ಕು ಮೇಲೆ. ಕಾಲು ನಿಂತಲ್ಲೇ ತುಳಿಯುತ್ತಿವೆ, ಗೋಡೆ ಕಟ್ಟಲು ಕೆಸರು ತುಳಿದಂತೆ. ತುಳಿದಾಗ ರಾಡಿ ಏಳುತ್ತದೆ. ದಪ್ಪ ನಾಲಗೆ ಪಂಪಿನಂತೆ ಹಿಂದೆ ಮುಂದೆ ಆಡಿ ರಾಡಿಯನ್ನು ಎಳೆದುಕೊಳ್ಳುತ್ತದೆ, ಕೊಕ್ಕಿನ ಅಂಚಿನ ಜರಡಿಯಲ್ಲಿ ಹುಳ, ಸಿಗಡಿಮರಿ, ಪಾಚಿ ಉಳಿದು ನೀರು ಹೊರಗೆ ಸೋರುತ್ತದೆ. ಆ ಮೇವಿನ ಬಣ್ಣವೇ ಗರಿಗೆ ಏರುವುದು. ಪಕ್ಕದಲ್ಲಿ ಬೂದು ಬಣ್ಣದ ಮರಿಗಳು, ಇನ್ನೂ ಬಣ್ಣ ಏರದವು. ಅವ್ವ ಪಿಸುಗುಡುತ್ತಾಳೆ: "ಜರಡಿ ಹಿಡದಂಗ ಹಿಡಿತದ ನೋಡು."

"ಪಾಣಿ ಉತರಲಂ ಕೀ ಪಕ್ಷಿ ಯೇತಾತ," ಎನ್ನುತ್ತಾನೆ ದೋಣಿಯವ. ನೀರಿಳಿದರೇ ಹಕ್ಕಿ. ಇಳಿದಷ್ಟೂ ಕೆಸರಿನ ದಡ ತೆರೆಯುತ್ತದೆ, ಮೇವು ಕಾಲಿಗೆ ಎಟುಕುತ್ತದೆ. ಪಟ್ಟೆತಲೆ ಹೆಬ್ಬಾತುಗಳ ಹಿಂಡುಗಳಲ್ಲಿ ಬಹುಪಾಲು ಆಗಲೇ ಹೊರಟುಹೋಗಿವೆ, ಒಂದು ಸಣ್ಣ ಗುಂಪಷ್ಟೇ ದಡದಲ್ಲಿ ಗರಿಕೆ ಮೇಯುತ್ತಿದೆ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಚಳಿಗಾಲ ಕಳೆಯುವ ಬಳಗವೇ ಇದು. ಬೆಳ್ಳನೆ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಇನ್ನೇನು ಹಿಮಾಲಯ ದಾಟಬೇಕಾದ ಹಕ್ಕಿಗಳು ಇಷ್ಟು ಸಮಾಧಾನದಿಂದ ಹುಲ್ಲು ಕಡಿಯುವುದನ್ನು ನೋಡಿ ಮೈ ಜುಮ್ಮೆನ್ನುತ್ತದೆ.

ದೋಣಿಯವ ಕೋಲನ್ನು ನೀರಿಗೆ ಊರಿ, ಇಲ್ಲಿ ನಮ್ಮಜ್ಜನ ಬಾವಿಯಿತ್ತು ಎನ್ನುತ್ತಾನೆ. ಅಣೆಕಟ್ಟು ಮುಗಿದದ್ದು 1980ರಲ್ಲಿ, ತುಂಬಿದರೆ 117 ಟಿಎಂಸಿ. ದಂಡೆಯ ಊರುಗಳೆಲ್ಲ ಮೇಲೆ ಸರಿದವು. ಹೊಲ ಉತ್ತವರ ಮೊಮ್ಮಕ್ಕಳು ಬಲೆ ಹಿಡಿದರು, ಈಗ ದುರ್ಬೀನು ಹಿಡಿದು ಹಕ್ಕಿಯ ಹೆಸರು ಹೇಳುತ್ತಾರೆ. ಅವ್ವ ತನ್ನ ಹರಕುಮುರುಕು ಮರಾಠಿಯಲ್ಲಿ ತನ್ನೂರಿನ ಕತೆ ತೆಗೆಯುತ್ತಾಳೆ: ಬ್ಯಾಸಿಗೆಯಲ್ಲಿ ಭೀಮೆ ಅಂದರೆ ಉಸುಕು. ಉಸುಕಿನಲ್ಲಿ ವರ್ತಿ ತೋಡಿ, ನೀರು ಒಸರುವ ತನಕ ಕೂತು, ಬಟ್ಟಲಲ್ಲಿ ಮೊಗೆದು ಕೊಡ ತುಂಬಿಸಬೇಕು. ಮೇಲಿನಿಂದ ನೀರು ಬಿಟ್ಟರಂತೆ ಎಂಬ ಸುದ್ದಿಗೆ ಊರೆಲ್ಲ ದಂಡೆಗೆ ಬರುತ್ತಿತ್ತು. ಅವ ಕೋಲು ನಿಲ್ಲಿಸಿ ಕೇಳುತ್ತಾನೆ. ನೀರು ಬಂದು ಊರು ಕಳೆದುಕೊಂಡವ, ನೀರಿಗಾಗಿ ಕಾದು ಕೂತವಳು, ಒಂದೇ ಹೊಳೆಯ ಇಬ್ಬರು ಒಂದೇ ದೋಣಿಯಲ್ಲಿ. ಸಹ್ಯಾದ್ರಿಯ ಭೀಮಾಶಂಕರದಿಂದ ಕೃಷ್ಣೆಯ ತನಕ 861 ಕಿಲೋಮೀಟರ್ ಉದ್ದದ ಹೊಳೆ.

ಎಲ್ಲಿಂದಲೋ ಹದ್ದೊಂದರ ನೆರಳು. ಗುಲಾಬಿ ಗೆರೆ ಒಮ್ಮೆಲೇ ನೀರಿನ ಮೇಲೆ ಓಡುತ್ತದೆ, ಓಡುತ್ತಲೇ ಏಳುತ್ತದೆ, ಮಡಚಿದ್ದ ರೆಕ್ಕೆಗಳು ಬಿಚ್ಚಿ ಒಳಗಿನ ಕಡುಗೆಂಪು ಹೊತ್ತಿಕೊಳ್ಳುತ್ತದೆ, ಅಂಚಿಗೆ ಕಪ್ಪು. ಮರಾಠಿಯಲ್ಲಿ ಇದನ್ನು ಅಗ್ನಿಪಂಖ ಎನ್ನುವುದೇಕೆಂದು ಆಗ ಗೊತ್ತಾಗುತ್ತದೆ. ಅವ್ವ ಕೈಮುಗಿದೇ ಬಿಟ್ಟಿದ್ದಾಳೆ.

ಹೊರಡುವಾಗ ಪಳಸದೇವದ ಕಡೆ ಹೋಗುತ್ತೇವೆ. ಮುಳುಗಿದ ಪಳಸನಾಥನ ಗುಡಿಯ ಶಿಖರ ನೀರಿನಿಂದ ಮೇಲೆದ್ದಿದೆ, ಬೇಸಿಗೆ ಏರಿ ನೀರು ಇಳಿದಂತೆ ಗುಡಿಯೂ ಮೇಲೇಳುತ್ತದಂತೆ. ತುದಿಯಲ್ಲಿ ಹಳದಿ ಕೊಕ್ಕಿನ ರೀವ ಹಕ್ಕಿ ಕೂತು ನೀರನ್ನೇ ನೋಡುತ್ತಿದೆ.

ಅದಕ್ಕೂ ಮೊದಲು, ಕುಂಭಾರಗಾವದ ಅಂಗಳದಲ್ಲಿ, ಟ್ಯಾಂಕು ತುಂಬಿದೆ ಎಂದು ಡ್ರೈವರ್ ಹೇಳಿದ. ಮನೆಯಾಕೆ ಹಿತ್ತಲಿನ ಬಾಳೆಗಿಡ ತೋರಿಸಿದಳು. ಅವ್ವ ತಾನೇ ಪೈಪು ಹಿಡಿದು, ಎರಡು ದಿನದ ಲೋಟ ತಾಟು ತೊಳೆದ ನೀರನ್ನು ಒಂದೊಂದು ಗಿಡದ ಬುಡಕ್ಕೂ ಸರದಿಯಂತೆ ಬಿಟ್ಟಳು. ಕೊನೆಯ ಗಿಡಕ್ಕೆ ನೀರು ಸಾಲಲಿಲ್ಲ. ನಮ್ಮ ಕುಡಿಯುವ ನೀರಿನ ಕ್ಯಾನು ತಂದು ಅದಕ್ಕೂ ಒಂದು ತಂಬಿಗೆ ಹಾಕಿದಳು.